ಹಂಪಣ್ಣ ದಾನಕ್ಕೆ ಒಯ್ದ ತಾಡೋಲೆ ಕಟ್ಟು

ಹೈದರಾಬಾದಿನ ದೊಡ್ಡ ಗ್ರಂಥಾಲಯಕ್ಕೆ ಹೋಗುವವನು ತಲೆಗೆ ಏನು ಧರಿಸಬೇಕು ಎಂಬ ಪ್ರಶ್ನೆ ೧೯೪೧ರ ಬೇಸಿಗೆಯಲ್ಲಿ ಯಲಬುರ್ಗಾವನ್ನು ಕಾಡಿದಷ್ಟು ಯೂರೋಪಿನ ಯುದ್ಧವೂ ಕಾಡಲಿಲ್ಲ. ಟೋಪಿ ಇಟ್ಟರೆ ಗುಮಾಸ್ತನೆಂದುಕೊಂಡಾರು, ರುಮಾಲು ಸುತ್ತಿದರೆ ಹಳ್ಳಿಯವನೆಂದುಕೊಂಡಾರು. ಅಂಗಡಿ ಕಟ್ಟೆಯ ಹಿರಿಯರು ರುಮಾಲಿಗೇ ಒಪ್ಪಿಗೆ ಕೊಟ್ಟರು. ಹಂಪಣ್ಣ ಹೊರಟ.

ಹಂಪಣ್ಣನಿಗೆ ಗ್ರಂಥಾಲಯಗಳ ಹುಚ್ಚು. ಓದುವ ಹುಚ್ಚಲ್ಲ. ಗದಗು, ಬಳ್ಳಾರಿ, ರಾಯಚೂರು, ಎಲ್ಲಿ ವಾಚನಾಲಯ ತೆರೆದರೂ ಹೋಗಿ ಕಪಾಟಿನ ಕಟ್ಟಿಗೆಯನ್ನು ಬೆರಳಿನಿಂದ ಬಡಿದು, ಕುರ್ಚಿಯಲ್ಲಿ ಕೂತೆದ್ದು, ಸಾಗವಾನಿಯೋ ಅಲ್ಲವೋ ಎಂದು ಊರಿಗೆ ವರದಿ ಒಪ್ಪಿಸುವವನು. ಈ ಸಲ ಕಂಕುಳಲ್ಲಿ ಮನೆತನದ ತಾಡೋಲೆ ಕಟ್ಟು ಇತ್ತು. ಹಸ್ತಪ್ರತಿ ಕೊಟ್ಟವರ ಹೆಸರನ್ನು ಅಲ್ಲಿ ಕಪಾಟಿನ ಮೇಲೆ ಬರೆಯುತ್ತಾರೆಂದು ಕೇಳಿದ್ದ. ತೀರಿಕೊಂಡ ತಂದೆಯ ಹೆಸರು ಅಲ್ಲಿ ಬರಬೇಕು. ಅವನಿಗೆ ಬೇಕಾದದ್ದು ಅದೊಂದೇ.

ಜೊತೆಗೆ ಅಕ್ಕನ ಗಂಡ ಕೊಟ್ರಪ್ಪ. ಹೈದರಾಬಾದಿನದೇ ದಫ್ತರದಲ್ಲಿ ನೌಕರಿ, ಉರ್ದು ಬಾಯಿಪಾಠ.

ಒಳಗೆ ಹೋದ ಹಂಪಣ್ಣ ಮೊದಲು ಛಾವಣಿ ನೋಡಿದ, ಆಮೇಲೆ ಏಣಿ ನೋಡಿದ. ಏಣಿ ಹತ್ತಿ ಪುಸ್ತಕ ತೆಗೆಯುವ ಭಾಗ್ಯ ಬಳ್ಳಾರಿಗಿಲ್ಲ ಎಂದ. ಫಾರ್ಸಿಯ ಕೋಣೆ, ಅರಬ್ಬಿಯ ಕೋಣೆ, ಇಂಗ್ಲಿಷಿನ ಪಡಸಾಲೆ, ಎಲ್ಲ ಕಡೆ ಉಸಿರೆಳೆದು ವಾಸನೆ ತೆಗೆದುಕೊಂಡ. ಪತ್ರಿಕೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ ವಿದ್ವಾಂಸರೊಬ್ಬರನ್ನು ಭಕ್ತಿಯಿಂದ ಸುತ್ತಿ ಬಂದ. ಕನ್ನಡ ಎಲ್ಲಿದೆ ಎಂದು ಕೇಳಿದಾಗ ಮೆಟ್ಟಿಲ ಸಂದಿಯಲ್ಲಿದ್ದ ಒಂದೇ ಕಪಾಟು ತೋರಿಸಿದರು. ಅರ್ಧ ಪಂಚಾಂಗ, ಅರ್ಧ ಖಾಲಿ. ಹಂಪಣ್ಣನಿಗೆ ಖಾಲಿ ಭಾಗ ಕಂಡು ಸಂತೋಷವಾಯಿತು.

ಹಸ್ತಪ್ರತಿಗಳ ಅಧಿಕಾರಿ ಇದು ಯಾವ ಗ್ರಂಥವೆಂದು ಉರ್ದುವಿನಲ್ಲಿ ಕೇಳಿದರು, ಕೊಟ್ರಪ್ಪ ಕನ್ನಡಕ್ಕೆ ತಿರುಗಿಸಿದ.

“ದೊಡ್ಡದೈತ್ರಿ,” ಎಂದ ಹಂಪಣ್ಣ.

ಅಧಿಕಾರಿ ದಾರ ಬಿಚ್ಚಿದರು. ಮೊದಲು ಅಕ್ಕಿಕಾಳು ಉದುರಿದವು, ಆಮೇಲೆ ಕುಂಕುಮದ ಒಣ ಚಕ್ಕೆಗಳು, ಕೊನೆಗೆ ಬಿಳಿ ಹುಳಗಳು. ಗರಿಗಳು ಒಂದಕ್ಕೊಂದು ಅಂಟಿ ಕೊರಡಿನಂತಾಗಿದ್ದವು. ಎಬ್ಬಿಸಿದ ಕಡೆ ಪುಡಿಯಾದವು. ಇದಕ್ಕೆ ಏನು ಮಾಡಿದಿರಿ ಎಂಬ ಪ್ರಶ್ನೆ ಬಂತು.

“ಪೂಜಿ ಮಾಡೀವ್ರಿ. ಮಹಾನವಮಿಗೊಮ್ಮೆ ಅರಿಷಿಣ, ಹಾಲು, ಅಕ್ಷತಿ. ಅಜ್ಜನ ಕಾಲದಿಂದ ಯಾರೂ ಬಿಚ್ಚಿಲ್ಲ. ಬಿಚ್ಚಿದ್ರ ಮನಿಗೆ ಕೇಡು.”

ಕೊಟ್ರಪ್ಪ ಉತ್ತರ ತಂದ. “ಸಾಹೇಬ್ರು ಕೇಳ್ತಾರ, ಗ್ರಂಥ ತಂದೀಯೋ, ಹುಳಕ್ಕ ಊಟ ಹಾಕಿ ಸಾಕಿದ್ದು ತಂದೀಯೋ ಅಂತ.”

ಸಾಹೇಬರು ಅಷ್ಟು ಹೇಳಿರಲಿಲ್ಲ. ಇದನ್ನು ಇಟ್ಟುಕೊಳ್ಳಲಾಗದು ಎಂದಷ್ಟೇ ಹೇಳಿದ್ದರು. ಕೊಟ್ರಪ್ಪ ಅನುವಾದದಲ್ಲಿ ಧಾರಾಳಿ.

“ಮಾಮಾ, ಒಂದ ಗರಿನಾರ ಇಟಗೋರಿ ಅಂತ ಹೇಳ್ರಿ. ಅಪ್ಪನ ಹೆಸರು…”

“ಊರ ಸಾಲಿ ಕಾಳಪ್ಪ ಮಾಸ್ತರ ಇದನ್ನ ನಕಲು ಮಾಡಿ ಕೊಡ್ತೀನಂತ ವರ್ಷಾ ವರ್ಷಾ ನಿನ್ನ ಅಂಗಳದಾಗ ಬಂದು ನಿಂತ. ಅವನ ಕೈ ಮುಟ್ಟಿದ್ರ ಮೈಲಿಗಿ ಅಂದಿ. ಹುಳಕ್ಕ ಯಾವ ಜಾತಿ ಅಂತ ಕೇಳಿದ್ಯೇನು?”

ಹಂಪಣ್ಣ ಕೆಳಗೆ ಬಿದ್ದ ಪುಡಿಯನ್ನು ಎರಡೂ ಕೈಯಿಂದ ಬಾಚತೊಡಗಿದ. ಜವಾನನೊಬ್ಬ ಅವನ ಕೈ ಸರಿಸಿ ಗುಡಿಸಿದ. ಹುಳ ಕಪಾಟುಗಳಿಗೆ ಹಬ್ಬೀತೆಂದು ಕಟ್ಟನ್ನು ಹಿಂದಿನ ಅಂಗಳಕ್ಕೆ ಒಯ್ದು ಸೀಮೆಎಣ್ಣೆ ಸುರಿದು ಸುಟ್ಟರು.