ಎರಡರಷ್ಟು ದೊಡ್ಡ ಟ್ಯಾಂಕು

ಮೂವತ್ತು ವರ್ಷ ‘ಒಂದು ನಲ್ಲಿ ಒಂದು ತೊಟ್ಟಿಯನ್ನು ಅರ್ಧ ಗಂಟೆಯಲ್ಲಿ ತುಂಬಿಸಿದರೆ’ ಎಂದು ಮಕ್ಕಳ ಜೀವ ಹಿಂಡಿದ ಲೆಕ್ಕದ ಮೇಷ್ಟ್ರು ನಿವೃತ್ತರಾದ ಮೇಲೆ ತಮ್ಮ ಮನೆಗೇ ಟ್ಯಾಂಕು ಮಾಡಿಸಲು ಹೊರಟರು. ಹಳೆಯದು ಐನೂರು ಲೀಟರಿನದು. ಅದರ ಎರಡರಷ್ಟು ಹಿಡಿಯುವಂಥದು ಬೇಕಿತ್ತು. ಉದ್ದ, ಅಗಲ, ಎತ್ತರ ಮೂರನ್ನೂ ಎರಡರಿಂದ ಗುಣಿಸಿ, ಚೀಟಿ ಬರೆದು ವೆಲ್ಡರನ ಕೈಗಿಟ್ಟರು.

ವೆಲ್ಡರ್ ಅವರ ಶಿಷ್ಯನೇ, ಲೆಕ್ಕದಲ್ಲಿ ಫೇಲಾಗಿ ಶಾಲೆ ಬಿಟ್ಟವನು. ಚೀಟಿ ನೋಡಿ ತಲೆ ಕೆರೆದುಕೊಂಡು, ತೀರಾ ದೊಡ್ಡದಾಯಿತಲ್ಲ ಸಾರ್ ಎಂದ. ಲೆಕ್ಕ ನನಗೇ ಹೇಳಿಕೊಡುತ್ತೀಯೇನೋ ಎಂದು ಮೇಷ್ಟ್ರು ಗದರಿದರು. ಅವನು ತೆಪ್ಪಗೆ ಹೇಳಿದಷ್ಟು ಮಾಡಿ, ತಾರಸಿಯ ಮೇಲೆ ಕೂರಿಸಿ ಹೋದ. ಅಷ್ಟು ದೊಡ್ಡ ಟ್ಯಾಂಕು ಕಣ್ಣೆದುರಿಗಿದ್ದರೂ ಮೇಷ್ಟ್ರಿಗೆ ಕಂಡದ್ದು ತಮ್ಮ ಚೀಟಿಯೊಂದೇ. ಟ್ಯಾಂಕಿನ ನೇರ ಕೆಳಗಿನ ಕೋಣೆಯಲ್ಲಿ, ಕಾಲು ಮುರಿದುಕೊಂಡ ಅವರ ಹೆಂಡತಿ ಹಾಸಿಗೆ ಹಿಡಿದು ಮಲಗಿದ್ದರು.

ಬೆಳಿಗ್ಗೆ ಹತ್ತಕ್ಕೆ ಪಂಪು ಹಾಕಿದರು. ಹಳೆಯದು ಅರ್ಧ ಗಂಟೆಗೆ ತುಂಬುತ್ತಿತ್ತು, ಇದಕ್ಕೆ ಒಂದು ಗಂಟೆ. ಹನ್ನೊಂದಕ್ಕೆ ಹತ್ತಿ ಇಣುಕಿದರೆ ನೀರು ಕಾಲು ಭಾಗದಲ್ಲೇ ಇತ್ತು. ಹನ್ನೆರಡಕ್ಕೆ ಅರ್ಧ. ಹಾಳು ಪಂಪು ಎಂದು ಬೈದರೇ ಹೊರತು ತಮ್ಮ ಲೆಕ್ಕವನ್ನು ಮತ್ತೆ ನೋಡಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು.

ಒಂದು ಗಂಟೆಗೆ ಹೆಂಡತಿ ಕರೆದರು.

“ರೀ, ಮೇಲಿಂದ ಗಾರೆ ಉದುರ್ತಿದೆ. ದಿಂಬಿನ ಮೇಲೇ ಬಿತ್ತು.”

ಮೇಷ್ಟ್ರು ತಲೆಯೆತ್ತಿದರು. ಚಾವಣಿಯಲ್ಲಿ ಗೋಡೆಯಿಂದ ಗೋಡೆಗೆ ಬಿರುಕು. ಉದ್ದಕ್ಕೆ ಎರಡು, ಅಗಲಕ್ಕೆ ಎರಡು, ಎತ್ತರಕ್ಕೆ ಎರಡು. ಎರಡೆರಡ್ಲಿ ನಾಲ್ಕು, ನಾಲ್ಕೆರಡ್ಲಿ ಎಂಟು. ತುಂಬಿದರೆ ಸಾವಿರವಲ್ಲ, ನಾಲ್ಕು ಸಾವಿರ ಲೀಟರು! ಈಗಲೇ ಮೂರು ಸಾವಿರ, ಅಂದರೆ ಮೂರು ಟನ್ನು, ಇವಳ ನೆತ್ತಿಯ ಮೇಲೆ ನಿಂತಿದೆ.

ಎಲ್ಲಿಂದ ಶಕ್ತಿ ಬಂತೋ, ಮಂಚವನ್ನೇ ನಡುಮನೆಗೆ ದರದರ ಎಳೆದರು. ಹೊಸ್ತಿಲು ದಾಟಿದ್ದೇ ತಡ, ತಲೆದಿಂಬಿದ್ದ ಜಾಗಕ್ಕೆ ಹಲಗೆಯಷ್ಟು ದೊಡ್ಡ ಗಾರೆಯ ಹೆಂಟೆ ಕಳಚಿ ಬಿತ್ತು. ಪಂಪು ಇನ್ನೂ ಓಡುತ್ತಲೇ ಇತ್ತು. ಓಡಿಹೋಗಿ ಅದನ್ನು ನಿಲ್ಲಿಸಿದರು.

ಫೋನು ಮಾಡಿದ್ದೇ ವೆಲ್ಡರ್ ಓಡಿ ಬಂದು, ಟ್ಯಾಂಕಿನ ತಳದ ವಾಲ್ವು ಬಿಚ್ಚಿದ. ಅಂಗಳದ ತುಂಬ ನೀರು ಹರಿಯಿತು. ನಿನಗೆ ಮೊದಲೇ ಹೇಗೆ ಗೊತ್ತಾಯಿತೋ ಎಂದು ಮೇಷ್ಟ್ರು ಸಣ್ಣ ದನಿಯಲ್ಲಿ ಕೇಳಿದರು.

ವೆಲ್ಡರ್ ಕೈ ಒರೆಸಿಕೊಂಡ.

“ಪರೀಕ್ಷೇಲಿ ಇದೇ ಲೆಕ್ಕ ಕೊಟ್ಟಿದ್ರಿ ಸಾರ್. ನಾನು ಎಂಟರಷ್ಟು ಅಂತ ಬರೆದಿದ್ದೆ. ನೀವು ಸೊನ್ನೆ ಹಾಕಿದ್ರಿ.”