ವೇಬ್ರಿಡ್ಜ್ ಮೇಲೆ ನಿಂತ ಮನೆಗಾಡಿ

ಮೂವತ್ತೆಂಟು ವರ್ಷ ಬಾಳಿದ ಮನೆಯ ಬೀಗದ ಕೈಯನ್ನು ಹೊಸಬರ ಕೈಗಿಟ್ಟು ಹೊರಟ ಅರ್ಧ ಗಂಟೆಯಲ್ಲೇ ಮಾರ್ಲಿಸ್‌ಳ ಎಣಿಕೆ ತಪ್ಪಿತು. ಊರ ಹೊರಗಿನ ಧಾನ್ಯದ ಗೋದಾಮಿನಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಮೇಲೆ ಅವರ ಗಾಡಿ ನಿಂತಿತ್ತು. ಒಲೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿ. ಇನ್ನು ಮುಂದೆ ಅದೇ ಮನೆ. ಅಮೆರಿಕದ ಆ ನೆಬ್ರಾಸ್ಕಾ ಸೀಮೆಯಲ್ಲಿ ಇನ್ನೂ ಮೆಕ್ಕೆಜೋಳದ ಕಟಾವು ಶುರುವಾಗಿರಲಿಲ್ಲವಾದ್ದರಿಂದ ಹಿಂದೆ ಲಾರಿಗಳ ಸಾಲಿರಲಿಲ್ಲ. ತೂಕ ನೋಡುವ ಲವರ್ನ್ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು.

“ಏನೇ ಮಾರ್ಲಿಸ್, ಮನೆ ಮಾರಿದೀನಿ ಅಂದೆ. ಗೋಡೆ ಕಿತ್ಕೊಂಡು ಬಂದಿದೀಯೋ ಹೇಗೆ? ಗಾಡಿ ಹೊರೋದಕ್ಕಿಂತ ಮುನ್ನೂರ ಮೂವತ್ತು ಪೌಂಡ್ ಜಾಸ್ತಿ ಇದೆ.”

ಇಷ್ಟು ಭಾರ ಹೊತ್ತು ಪಶ್ಚಿಮದ ಬೆಟ್ಟ ಹತ್ತುವಂತಿರಲಿಲ್ಲ. ಟೈರು ತಾಳುವುದಿಲ್ಲ, ಇಳಿಜಾರಿನಲ್ಲಿ ಬ್ರೇಕೂ ತಾಳುವುದಿಲ್ಲ.

ಮಾರ್ಲಿಸ್ ಗಂಡನ ಕಡೆ ನೋಡಿದಳು. ವರ್ಲಿನ್ ಗಾಡಿಯ ಕನ್ನಡಿಯನ್ನು ತೋಳಿನಿಂದ ಒರೆಸುತ್ತಿದ್ದ. ಬೆಳಗ್ಗೆಯಿಂದ ಅವನು ಹತ್ತು ಮಾತೂ ಆಡಿರಲಿಲ್ಲ. ಮನೆ ಮಾರಿ ಗಾಡಿಯಲ್ಲೇ ಊರೂರು ತಿರುಗುವ ಆಸೆ ಅವಳದು. ಎರಡು ವರ್ಷದ ಹಿಂದೆ ಊಟದ ಮೇಜಿನಲ್ಲಿ ಹೇಳಿದಾಗ ಅವನು “ಸರಿ, ಹೋಗೋಣ” ಎಂದಿದ್ದ. ಆ ಮಾತಿನ ಹಿಂದೆ ಮನಸ್ಸಿತ್ತೋ, ಅಥವಾ ಹೆಂಡತಿಯ ಮಾತು ತೆಗೆದುಹಾಕಲಾರದ ಅವನ ಹಳೆಯ ಅಭ್ಯಾಸವಷ್ಟೇ ಇತ್ತೋ, ಅವಳು ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಡಬಹುದೆಂಬ ಭಯ. ಆ ಪ್ರಶ್ನೆಯನ್ನು ಮುಚ್ಚಿಡಲೆಂದೇ ಅವಳು ಕೆಲಸಕ್ಕೆ ಬಿದ್ದಿದ್ದಳು: ಸಾಮಾನಿಗೆಲ್ಲ ಚೀಟಿ ಅಂಟಿಸಿದಳು, ಅಂಗಳದಲ್ಲಿ ಹರಡಿ ಮಾರಿದಳು, ಕಣ್ಣೀರು ಹಾಕಿದ ಮಗಳಿಗೆ ತಾನೇ ಬುದ್ಧಿ ಹೇಳಿದಳು. ಒಂದು ವರ್ಷ ಮುಟ್ಟದ ವಸ್ತು ನಮ್ಮದಲ್ಲ ಎಂದು ಎಲ್ಲರೆದುರೂ ಹೇಳಿಕೊಂಡು ಓಡಾಡಿದ್ದಳು.

ಈಗಲೂ ಹಾಗೆಯೇ ಮಾಡಿದಳು. ಬೀಡುಕಬ್ಬಿಣದ ಬಾಣಲೆಗಳು ಇಳಿದವು, ಪುಸ್ತಕದ ಡಬ್ಬ ಇಳಿಯಿತು. ಕೊನೆಗೆ ಹಾಸಿಗೆಯ ಪಕ್ಕದಲ್ಲಿ ಬೆಲ್ಟು ಬಿಗಿದು ಕೂರಿಸಿದ್ದ ಹೊಲಿಗೆ ಮಷೀನನ್ನೂ ಎದೆಗವಚಿಕೊಂಡು ತಂದು ಲವರ್ನ್‌ಳ ಮೇಜಿನ ಕೆಳಗಿಟ್ಟಳು. ಚರ್ಚಿನ ಎಷ್ಟೋ ಹುಡುಗಿಯರ ಮದುವೆಯ ಬಟ್ಟೆ, ಈ ಗಾಡಿಯ ಕಿಟಕಿ ಪರದೆ, ಎಲ್ಲ ಅದರಲ್ಲೇ ಹೊಲಿದದ್ದು. “ನಿನ್ನ ಮೊಮ್ಮಗಳಿಗಿರಲಿ” ಎಂದಳು. ಮಷೀನಿನ ಕಡೆ ತಿರುಗಿ ನೋಡದೆ ಗಾಡಿಗೆ ಮರಳಿದಳು.

ಮತ್ತೆ ತೂಗಿದರು. ಇನ್ನೂ ಇನ್ನೂರ ಹತ್ತು ಹೆಚ್ಚಿತ್ತು.

ಲವರ್ನ್ ಕನ್ನಡಕ ಮೇಲಕ್ಕೆ ತಳ್ಳಿಕೊಂಡಳು. “ಹೋದ ವರ್ಷ ನಮ್ಮ ಭಾವನ ಗಾಡಿನೂ ಹೀಗೇ ಆಟ ಆಡಿಸ್ತು. ನೀರಿನ ಟ್ಯಾಂಕ್ ಖಾಲಿ ತಾನೆ?”

ಖಾಲಿ ಎಂದು ಹೇಳಲು ಮಾರ್ಲಿಸ್ ಬಾಯಿ ತೆರೆದಳು. ದಾರಿಯಲ್ಲಿ ನೀರು ಹೊತ್ತೊಯ್ಯಬಾರದು, ತಂಗುವ ಜಾಗದಲ್ಲೇ ತುಂಬಿಸಿಕೊಳ್ಳಬೇಕು ಎನ್ನುವುದು ಈ ಬದುಕಿಗೆ ಇಳಿದವರು ಕಲಿಯುವ ಮೊದಲ ಪಾಠ. ಅದನ್ನು ಓದಿ ಗಂಡನಿಗೆ ಹೇಳಿಕೊಟ್ಟವಳೂ ಅವಳೇ. ಆದರೆ ವರ್ಲಿನ್ ಕನ್ನಡಿ ಒರೆಸುವುದನ್ನು ನಿಲ್ಲಿಸಿದ್ದ. ಬೆಳಗ್ಗೆ ತಾನು ಕೊನೆಯ ಸಲ ನೆಲ ಒರೆಸುತ್ತಿದ್ದಾಗ ಹಿತ್ತಲ ಹುಲ್ಲಿನ ಮೇಲೆ ಪೈಪು ಒದ್ದೆಯಾಗಿ ಬಿದ್ದಿದ್ದು ಅವಳಿಗೆ ನೆನಪಾಯಿತು. ಚಕ್ರ ತೊಳೆದಿರಬೇಕೆಂದುಕೊಂಡಿದ್ದಳು.

ಒಳಗೆ ಹೋಗಿ ಗುಂಡಿ ಒತ್ತಿ ನೋಡಿದಳು. ಟ್ಯಾಂಕಿನ ನೀರಿನ ಮಟ್ಟ ತೋರಿಸುವ ನಾಲ್ಕು ದೀಪಗಳೂ ಹೊತ್ತಿಕೊಂಡವು. ತುಂಬಿದ ಟ್ಯಾಂಕೆಂದರೆ ನಾನೂರು ಪೌಂಡ್.

ಹೊರಬಂದವಳಿಗೆ ಮೊದಲು ಉಕ್ಕಿದ್ದು ಸಿಟ್ಟೇ. “ನಾನು ಮಷೀನ್ ಹೊತ್ಕೊಂಡು ಇಳಿಯೋವಾಗ ನೋಡ್ತಾ ನಿಂತಿದ್ಯಲ್ಲ ವರ್ಲಿನ್?”

“ಹೇಳೋಣ ಅಂತ ಬಾಯಿಗೆ ಬಂತು. ನೀನು ಅಷ್ಟು ಸಲೀಸಾಗಿ ಇಳಿಸಿಬಿಟ್ಟೆ. ನಿನಗೆ ಯಾವುದೂ ಬೇಕಿಲ್ಲ, ನನಗೊಬ್ಬನಿಗೇ ಬೇಕು ಅನ್ನಿಸಿ ನಾಚಿಕೆ ಆಯ್ತು.”

ಸಲೀಸಾಗಿ. ಆ ಮಾತು ಅವಳಿಗೆ ಚುಚ್ಚಿತು. ಎರಡು ವರ್ಷದಿಂದ ಅವಳು ತೋರಿಸಿಕೊಂಡ ಸಲೀಸನ್ನು ನಂಬಿದವನು ಅವನೊಬ್ಬನೇ. ಅದರ ಮುಂದೆ ಅವನು ಬಾಯಿ ಬಿಡುವುದಾದರೂ ಹೇಗೆ?

ಲವರ್ನ್ ಏನೋ ನೆಪ ಮಾಡಿಕೊಂಡು ಒಳಗೆ ಹೋದಳು. ಮಾರ್ಲಿಸ್ ಗಾಡಿಯ ಮೆಟ್ಟಿಲ ಮೇಲೆ ಕೂತಳು.

“ನಿನಗೆ ಬರೋಕೆ ಇಷ್ಟ ಇದೆಯಾ?” ಎಂದು ಕೇಳಿದಳು. “ಇಲ್ಲ ಅಂದ್ರೆ ಈಗಲೇ ಹೇಳು. ಮನೆ ಹೋಯ್ತು ನಿಜ, ಊರೇನೂ ಹೋಗಿಲ್ಲ. ಇಲ್ಲೇ ಒಂದು ಬಾಡಿಗೆ ಮನೆ ಹಿಡಿಯೋಣ. ನಾನು ಮುಖ ಊದಿಸಿಕೊಳ್ಳಲ್ಲ.”

ಅವನು ಬಂದು ಅವಳ ಎದುರು ನಿಂತ.

“ಇಷ್ಟ ಇಲ್ಲ ಅಂತಲ್ಲ. ಹೆದರಿಕೆ. ಮೂವತ್ತೆಂಟು ವರ್ಷದಿಂದ ಕುಡಿದಿರೋದು ನಮ್ಮ ಮನೆ ಬಾವಿ ನೀರೊಂದೇ. ಬೆಳಗ್ಗೆ ಎಲ್ಲೋ ಕಣ್ಣು ಬಿಟ್ಟಾಗ ಕಾಫಿಗಾದ್ರೂ ಅದೇ ರುಚಿ ಇದ್ರೆ, ಒಂದು ವಾರದಲ್ಲಿ ಒಗ್ಗಿಕೊಳ್ಳಬಹುದು ಅಂದ್ಕೊಂಡೆ. ಅಷ್ಟೇ.”

“ನನಗೂ ಹೆದರಿಕೆ” ಎಂದಳು ಮಾರ್ಲಿಸ್.

ವರ್ಲಿನ್ ಅವಳ ಮುಖ ನೋಡಿದ. ಆಮೇಲೆ ಟೋಪಿ ತೆಗೆದು ಅವಳ ಮಡಿಲಲ್ಲಿಟ್ಟು, ಅಂಗಿಯ ತೋಳು ಮಡಚಿಕೊಂಡು ಗಾಡಿಯ ಅಡಿಗೆ ತೂರಿ ಟ್ಯಾಂಕಿನ ತಿರುಪು ಬಿಚ್ಚಿದ. ಅವಳು ಹೇಳಿರಲಿಲ್ಲ, ತಾನಾಗಿಯೇ ಬಿಚ್ಚಿದ. ನೀರು ಜಲ್ಲಿಕಲ್ಲಿನ ಮೇಲೆ ಹರಿದು, ಲಾರಿಗಳಿಂದ ಉದುರಿದ್ದ ಹಳೆಯ ಮೆಕ್ಕೆಜೋಳದ ಕಾಳುಗಳನ್ನು ತೇಲಿಸಿಕೊಂಡು ರಸ್ತೆಯ ಕಡೆ ಹೋಯಿತು. ಮಾರ್ಲಿಸ್ ಒಳಗೆ ಹೋಗಿ ಗುಂಡಿ ಒತ್ತಿ ಹಿಡಿದಳು. ಒಂದು ದೀಪ ಆರಿತು. ಬಹಳ ಹೊತ್ತಿನ ಮೇಲೆ ಇನ್ನೊಂದು, ಮತ್ತೊಂದು.

“ನಿಲ್ಲಿಸು” ಎಂದು ಕೂಗಿದಳು.

ಅಡಿಯಿಂದ ಅವನ ದನಿ ಬಂತು: “ಇನ್ನೂ ಕಾಲು ಭಾಗ ಇದೆಯಲ್ಲೇ.”

“ಇರಲಿ ಬಿಡು. ವಾರಕ್ಕೆ ಕಾಫಿಗೆ ಸಾಕು. ಸ್ನಾನಕ್ಕೆ ಮುಟ್ಟಿದರೆ ನೋಡು.”

ಮೊಣಕಾಲೆಲ್ಲ ಕೆಸರು ಮಾಡಿಕೊಂಡು ಎದ್ದ ವರ್ಲಿನ್ ನೆಟ್ಟಗೆ ಲವರ್ನ್‌ಳ ಕೋಣೆಗೆ ಹೋದ. ಮೇಜಿನ ಕೆಳಗೆ ಬಗ್ಗಿದವನ ಬೆನ್ನ ಮೇಲೆ ಅವಳ ಮಾತು ಬಿತ್ತು: “ಕೊಟ್ಟದ್ದನ್ನು ವಾಪಸ್ ಕಿತ್ಕೊಂಡು ಹೋಗೋರನ್ನ ಇವತ್ತೇ ನೋಡಿದ್ದು ಕಣಪ್ಪ.” ಅವನು ನಗುತ್ತಲೇ ಮಷೀನನ್ನು ಎತ್ತಿಕೊಂಡು ಬಂದು, ಹಾಸಿಗೆಯ ಪಕ್ಕ ಮೊದಲಿದ್ದಲ್ಲೇ ಕೂರಿಸಿ ಬೆಲ್ಟು ಬಿಗಿದ.

ಮೂರನೆಯ ಸಲ ತೂಗಿದಾಗ ಲವರ್ನ್ “ಸರಿಯಾಗಿದೆ, ಹೋಗಿ” ಎಂದು ಕೈಯಾಡಿಸಿದಳು. ಗಾಡಿ ಒದ್ದೆ ಜಲ್ಲಿಯ ಮೇಲೆ ಎರಡು ಪಟ್ಟೆ ಎಳೆದು ಪಶ್ಚಿಮಕ್ಕೆ ತಿರುಗಿತು. ಉಳಿದ ನೀರು ಟ್ಯಾಂಕಿನಲ್ಲಿ ತುಳುಕುವ ಸದ್ದು ಹಿಂದಿನಿಂದ ಕೇಳಿಸುತ್ತಲೇ ಇತ್ತು.