ಮೆಟ್ಟಿಲು ಇದ್ದ ಜಾಗ

ಓಣಿಯ ಕೊನೆಮನೆ ಸಾಹುಕಾರ ಎಂದೂ ನಮ್ಮನ್ನು ಮೂಸಿ ನೋಡಿದವನಲ್ಲ. ಅಂಥವನು ಮೊನ್ನೆ ಹಲ್ಲು ಕಿರಿಯುತ್ತಾ ಬಂದ.

"ಅಕ್ಕಾ, ಚರಂಡಿ ರಿಪೇರಿ ಮಾಡಿಸ್ತಿದ್ದೀನಿ. ನಿಮ್ಮ ಮೆಟ್ಟಿಲು ಒಡೆಸಿ, ಆಮೇಲೆ ಹೊಸದೇ ಕಟ್ಟಿಸಿಕೊಡ್ತೀನಿ."

ಅಮ್ಮ ಕರಗಿಹೋದಳು. ನನಗೆ ಆ ನಗುವೇ ಸರಿಕಾಣಲಿಲ್ಲ. ನಮ್ಮದೇ ಜಾಗದಲ್ಲಿದ್ದ, ಅಜ್ಜಿ ದಿನವೂ ಕೂರುತ್ತಿದ್ದ ಮೆಟ್ಟಿಲು ಹೋಯಿತು. ಚರಂಡಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಇವತ್ತು ನಗರಸಭೆಯ ಸರ್ವೇಯರ್ ಟೇಪು ಹಿಡಿದು ಬಂದಾಗ ಎಲ್ಲ ತಿಳಿಯಿತು. ಸಾಹುಕಾರ ಮನೆಯನ್ನು ಗೋದಾಮು ಮಾಡಲು ಅರ್ಜಿ ಹಾಕಿದ್ದಾನೆ. ಲಾರಿ ಹಿಡಿಸುವಷ್ಟು ಓಣಿ ಅಗಲವಿದ್ದರೆ ಒಪ್ಪಿಗೆ ಸಿಗುತ್ತದೆ. ಆಮೇಲೆ ಅಜ್ಜಿ ಹೊಸಿಲು ದಾಟಿದರೆ ಚಕ್ರದ ಕೆಳಗೇ.

ನಮ್ಮ ಗೋಡೆಯ ಬಳಿ ಟೇಪಿನ ತುದಿ ಹಿಡಿದು ನಿಂತಿದ್ದವನು ಸಾಕ್ಷಾತ್ ಸಾಹುಕಾರನೇ.

"ಆ ತುದಿ ಇಲ್ಲಿ ಕೊಡಿ ಯಜಮಾನ್ರೇ, ಕೈ ನೋಯುತ್ತೆ" ಎಂದು ಕಿತ್ತುಕೊಂಡೆ. ಮೆಟ್ಟಿಲು ಒಡೆದ ಗುರುತು ನೆಲದಲ್ಲಿ ಇನ್ನೂ ಹಸಿಯಾಗಿತ್ತು. ಅದರ ಅಂಚಿಗೆ ಟೇಪು ಒತ್ತಿ ಹಿಡಿದೆ.

"ಇಲ್ಲಿವರೆಗೆ ನಮ್ಮ ಮೆಟ್ಟಿಲಿತ್ತು ಸಾರ್. ಒಡೆಸಿದೋರು ನಿಮ್ಮ ಪಕ್ಕದಲ್ಲೇ ಇದ್ದಾರೆ, ಕೇಳಿ."

ಸರ್ವೇಯರ್ ಸಾಹುಕಾರನ ಮುಖ ನೋಡಿದ. ಅವನು ಚರಂಡಿಯತ್ತ ತಿರುಗಿಕೊಂಡ.

"ಇಷ್ಟಕ್ಕೆ ಲಾರಿ ಹಿಡಿಸಲ್ಲ ಬಿಡಪ್ಪಾ" ಎಂದ ಸರ್ವೇಯರ್, ಟೇಪಿನ ಅಂಕಿ ನೋಡಿ.

"ಬರ್ಕೊಳ್ಳಿ ಸಾರ್."

ಅವನು ಬರೆದು ಮುಗಿಸುವವರೆಗೂ ನಾನು ಟೇಪು ಬಿಡಲಿಲ್ಲ.